ಆರ್ಕಿಡ್ ನೆಡೋಕೆ ಯಾವುದು ಸರಿಯಾದ ಹೊತ್ತು? ಬೇರನ್ನು ಕೇಳಿ

1/10

ಜನವರಿ ಕೊನೆಯ ವಾರ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಹೊರಗೆ ಬರ್ತೀರಿ. ಕೈಯಲ್ಲೊಂದು ಕವರ್, ಅದರೊಳಗೆ ಹೂಬಿಟ್ಟ ಆರ್ಕಿಡ್. ಮನೆಗೆ ಬಂದವರೇ ಮೊದಲು ಮಾಡೋದೇನು ಹೇಳಿ? ಆ ಪುಟ್ಟ ಪ್ಲಾಸ್ಟಿಕ್ ಕುಂಡ ನೋಡಿ ಪಾಪ ಅನ್ನಿಸುತ್ತೆ. ಗಿಡವನ್ನು ಕಿತ್ತು, ತೊಳೆದು, ಚೆಂದದ ಹೊಸ ಕುಂಡಕ್ಕೆ ಹಾಕ್ತೀರಿ. ಹದಿನೈದು ದಿನಕ್ಕೆ ಮೊಗ್ಗು ಉದುರುತ್ತೆ. ಎರಡು ತಿಂಗಳಿಗೆ ಎಲೆ ಸುಕ್ಕಾಗುತ್ತೆ. ಯುಗಾದಿ ಹೊತ್ತಿಗೆ ಕುಂಡ ಖಾಲಿ. "ಆರ್ಕಿಡ್ ನಮ್ಮ ಕೈಗೆ ಆಗಿಬರಲ್ಲ ಬಿಡಿ" ಅಂತ ತೀರ್ಮಾನವೂ ಆಗಿಬಿಡುತ್ತೆ.

ನನ್ನ ಮೊದಲ ಗಿಡ ಹೋಗಿದ್ದೂ ಹೀಗೇ. ನೀರು, ಗೊಬ್ಬರ, ನೆರಳು ಎಲ್ಲ ಸರಿಯಿತ್ತು. ಕಿತ್ತು ನೆಟ್ಟ ಹೊತ್ತು ಮಾತ್ರ ತಪ್ಪಾಗಿತ್ತು.

ಬೇಜಾರು ಮಾಡ್ಕೋಬೇಡಿ. ಗಿಡಕ್ಕೆ ತನ್ನದೇ ಒಂದು ಕಾಲ ಇದೆ ಅನ್ನೋದನ್ನು ಒಪ್ಪಿಕೊಳ್ಳೋಕೆ ಇಂಗ್ಲೆಂಡಿನ ಮಹಾಮಹಾ ತೋಟಗಾರರಿಗೇ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯ್ತು. ಅಷ್ಟರಲ್ಲಿ ಸತ್ತ ಗಿಡಗಳಿಗೆ, ಬರಿದಾದ ಕಾಡುಗಳಿಗೆ ಲೆಕ್ಕವಿಲ್ಲ. ಇವತ್ತಿನ ಕಥೆ ಅದೇ. ಸ್ವಲ್ಪ ಉದ್ದ ಇದೆ, ನಿಧಾನವಾಗಿ ಓದಿ.

2/10

1730ರ ದಶಕದ ಆರಂಭ. ಲಂಡನ್ನಿನಲ್ಲಿ ಪೀಟರ್ ಕಾಲಿನ್ಸನ್ ಅಂತ ಒಬ್ಬ ಬಟ್ಟೆ ವ್ಯಾಪಾರಿ. ಗಿಡಗಳ ಹುಚ್ಚು. ಬಹಾಮಾ ದ್ವೀಪದಿಂದ ಅವನಿಗೊಂದು ಒಣಗಿಸಿದ ಗಿಡ ಬಂತು. ನೆಡೋಕೆ ಅಂತ ಕಳಿಸಿದ್ದಲ್ಲ, ಕಾಗದದ ನಡುವೆ ಒತ್ತಿ ಇಡುವ ಮಾದರಿ ಅದು. ಆದರೆ ಬುಡದ ಗಡ್ಡೆಯಲ್ಲಿ ಇನ್ನೂ ಜೀವ ಇದ್ದ ಹಾಗೆ ಕಾಣಿಸಿತು. ನೌಕಾಪಡೆಯ ಅಧಿಕಾರಿ ಚಾರ್ಲ್ಸ್ ವೇಜರ್ ಅವರ ತೋಟದಲ್ಲಿ ಅದನ್ನು ಬೆಚ್ಚಗೆ ಹುಗಿದಿಟ್ಟರು. ಚಳಿಗಾಲ ಕಳೆಯಿತು. ಮುಂದಿನ ಬೇಸಿಗೆಯಲ್ಲಿ ಗಿಡ ಚಿಗುರಿ ಗುಲಾಬಿ ಬಣ್ಣದ ಹೂ ಬಿಟ್ಟಿತು. ಬ್ಲೆಟಿಯಾ ಅಂತ ಅದರ ಹೆಸರು. ಇಂಗ್ಲೆಂಡಿನಲ್ಲಿ ಹೂಬಿಟ್ಟ ಮೊದಲ ಉಷ್ಣವಲಯದ ಆರ್ಕಿಡ್ ಅಂತ ಇತಿಹಾಸಕಾರರು ಗುರುತಿಸೋದು ಇದನ್ನೇ.

ಸಮುದ್ರ ದಾಟಿ, ಒಣಗಿ, ಕಾಗದದಲ್ಲಿ ಅಪ್ಪಚ್ಚಿಯಾಗಿ ಬಂದ ಗಿಡ ಬದುಕಿತು ಅಂದ್ರೆ ಹೇಗೆ? ಅದು ನಿದ್ದೆಯಲ್ಲಿತ್ತು. ಗಡ್ಡೆಯೊಳಗೆ ನೀರು, ಆಹಾರ ಎಲ್ಲ ಬುತ್ತಿ ಕಟ್ಟಿಕೊಂಡು ಮಲಗಿತ್ತು. ಏಳೋ ಹೊತ್ತಿಗೆ ಸರಿಯಾಗಿ ಬೆಚ್ಚಗಿನ ಜಾಗ ಸಿಕ್ಕಿತು, ಎದ್ದಿತು.

ಪಾಠ ಮೊದಲ ದಿನವೇ ಎದುರಿಗಿತ್ತು. ಯಾರೂ ಓದಲಿಲ್ಲ.

3/10

ಯಾಕೆ ಓದಲಿಲ್ಲ ಅಂದ್ರೆ, ಆಮೇಲೆ ಹಡಗಿನಲ್ಲಿ ಬಂದ ಆರ್ಕಿಡ್‌ಗಳಲ್ಲಿ ಬಹಳಷ್ಟು ನೆಲದ ಮೇಲೆ ಬೆಳೆಯೋವಲ್ಲ. ಮರದ ಮೇಲೆ ಬೆಳೆಯೋವು. ಮಲೆನಾಡಿನವರಿಗೆ ಇದು ಹೊಸದಲ್ಲ. ಸೀತಾಳೆ, ಮರಬಾಳೆ ಅಂತ ಕರೆದುಕೊಂಡು ನೋಡ್ತಾ ಬೆಳೆದವರು ನೀವು. ಆದರೆ ಯುರೋಪಿನವರಿಗೆ ತಲೆಬುಡ ತಿಳಿಯಲಿಲ್ಲ. ಇದು ಬಂದಳಿಕೆ ಥರ ಮರದ ರಸ ಹೀರುವ ಗಿಡ ಅಂತ ತುಂಬಾ ಜನ ನಂಬಿದ್ದರು.

ನಿಜ ಏನು? ಆರ್ಕಿಡ್ ಮರದಿಂದ ಏನನ್ನೂ ಕದಿಯಲ್ಲ. ಕೂರೋಕೆ ಜಾಗ ಕೇಳುತ್ತೆ, ಅಷ್ಟೆ. ಅದರ ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಪದರ ಇರುತ್ತೆ, ವೆಲಮೆನ್ ಅಂತಾರೆ. ಮಳೆ ಬಿದ್ದ ಕೂಡಲೇ ಹೀರಿಕೊಳ್ಳುತ್ತೆ, ಆಮೇಲೆ ಗಾಳಿಗೆ ಒಣಗುತ್ತೆ. ನೆನೆಯೋದು, ಒಣಗೋದು ಎರಡೂ ಬೇಕು.

ಇಂಥ ಗಿಡವನ್ನು ತಂದು ಮಣ್ಣಿನಲ್ಲಿ ಹೂತರು. ಆ ಕುಂಡವನ್ನು ಬಿಸಿ ಗಾಜಿನ ಮನೆಯಲ್ಲಿಟ್ಟರು. ಆ ಕಾಲದ ಬಿಸಿ ಮನೆಗೆ ಇಂಗ್ಲೆಂಡಿನಲ್ಲಿ ಏನಂತಿದ್ದರು ಗೊತ್ತಾ? ಸ್ಟವ್! ಹೆಸರಿಗೆ ತಕ್ಕ ಹಾಗೆ ಗಿಡಗಳೆಲ್ಲ ಬೆಂದುಹೋದವು. ಜೋಸೆಫ್ ಬ್ಯಾಂಕ್ಸ್ ಅಂಥ ಕೆಲವರು ಪಾಚಿ ತುಂಬಿದ ಬುಟ್ಟಿಯಲ್ಲಿ ತೂಗುಹಾಕಿ ನೋಡಿದರು, ಗಿಡಗಳು ಸುಧಾರಿಸಿದವು. ಆದರೆ ಅಂಥವರು ಬೆರಳೆಣಿಕೆಯಷ್ಟು.

4/10

1818ರ ನವೆಂಬರ್. ಬಾರ್ನೆಟ್ ಎಂಬ ಊರಿನಲ್ಲಿ ವಿಲಿಯಂ ಕ್ಯಾಟ್ಲಿ ಅನ್ನುವ ವ್ಯಾಪಾರಿಯ ಬಿಸಿ ಮನೆಯಲ್ಲಿ ಬ್ರೆಜಿಲ್‌ನಿಂದ ಬಂದ ಗಿಡವೊಂದು ಹೂಬಿಟ್ಟಿತು. ಅಂಗೈಯಗಲದ ನೇರಳೆ ಹೂ. 1821ರಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಅದಕ್ಕೆ ಕ್ಯಾಟ್ಲಿಯಾ ಲೇಬಿಯಾಟ ಅಂತ ಹೆಸರಿಟ್ಟರು. ಆಮೇಲೆ ಶುರುವಾಯ್ತು ನೋಡಿ ಶ್ರೀಮಂತರ ಆರ್ಕಿಡ್ ಹುಚ್ಚು.

ಹುಚ್ಚು ಹೆಚ್ಚಿತು, ಗಿಡಗಳ ಸಾವೂ ಹೆಚ್ಚಿತು. ಉಪಾಯ ಹುಡುಕಲು ಲಿಂಡ್ಲಿ ಚಿಸ್ವಿಕ್‌ನಲ್ಲಿದ್ದ ತೋಟಗಾರಿಕಾ ಸಂಘದ ತೋಟದಲ್ಲಿ ಪ್ರಯೋಗ ಮಾಡಿ 1830ರಲ್ಲಿ ಸಲಹೆ ಕೊಟ್ಟರು: ಹೆಚ್ಚು ಶಾಖ, ದಟ್ಟ ನೆರಳು, ತುಂಬಾ ತೇವ. ದೊಡ್ಡ ವಿದ್ವಾಂಸರ ಮಾತು, ಎಲ್ಲರೂ ಪಾಲಿಸಿದರು. ಕಿಟಕಿ ಮುಚ್ಚಿದರು, ಕಲ್ಲಿದ್ದಲು ಉರಿಸಿದರು, ವರ್ಷದ ಹನ್ನೆರಡು ತಿಂಗಳೂ ಆವಿ ತುಂಬಿದರು.

ತಪ್ಪು ಎಲ್ಲಿತ್ತು? ಉಷ್ಣವಲಯ ಅಂದ್ರೆ ಯಾವಾಗಲೂ ಬಿಸಿ, ಯಾವಾಗಲೂ ಒದ್ದೆ ಅಂತ ಅವರ ಕಲ್ಪನೆ. ನಮಗೆ ಇದು ತಮಾಷೆ ಅನ್ನಿಸುತ್ತೆ ಅಲ್ವಾ? ಮಾಘದ ಚಳಿ, ಚೈತ್ರದ ಬಿಸಿಲು, ಆಷಾಢದ ಮಳೆ ಎಲ್ಲ ನೋಡಿದವರು ನಾವು. ಅಗುಂಬೆಯಲ್ಲೂ ಜನವರಿಯಲ್ಲಿ ಮಳೆ ಹುಡುಕಬೇಕು. ಆದರೆ ಲಂಡನ್ನಿನ ಗಾಜಿನ ಮನೆಯಲ್ಲಿ ಕೂತವರಿಗೆ ಒಂದೇ ಋತು ಕಂಡಿತ್ತು. ಗಿಡಗಳು ನಿದ್ದೆಯಿಲ್ಲದೆ ಬೆಳೆದು ಬೆಳೆದು, ಸೋತು, ಕೊಳೆತು ಸತ್ತವು. ಇಂಗ್ಲೆಂಡ್ ಅಂದ್ರೆ ಆರ್ಕಿಡ್‌ಗಳ ಸ್ಮಶಾನ ಅನ್ನುವ ಮಾತೇ ಹುಟ್ಟಿಕೊಂಡಿತು.

5/10

ಈಗ ಲಾಲ್‌ಬಾಗ್‌ಗೆ ಒಂದು ಸಣ್ಣ ಸುತ್ತು. ಫಲಪುಷ್ಪ ಪ್ರದರ್ಶನ ನಡೆಯುವ ಗಾಜಿನ ಮನೆ ಇದೆಯಲ್ಲ, 1889ರಲ್ಲಿ ಅಡಿಗಲ್ಲು ಬಿದ್ದಿದ್ದು, ಅದಕ್ಕೆ ಪ್ರೇರಣೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. 1851ರ ಆ ಕಟ್ಟಡದ ವಿನ್ಯಾಸ ಮಾಡಿದವರು ಜೋಸೆಫ್ ಪ್ಯಾಕ್ಸ್ಟನ್. ಮೂಲತಃ ತೋಟಗಾರ. ಚಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರ್ ಡ್ಯೂಕ್‌ನ ತೋಟ ನೋಡಿಕೊಳ್ಳುತ್ತಿದ್ದವರು.

ಆರ್ಕಿಡ್ ಕಥೆ ತಿರುಗಿದ್ದರಲ್ಲಿ ಇವರ ಪಾಲು ದೊಡ್ಡದು. 1830ರ ದಶಕದಲ್ಲಿ ಪ್ಯಾಕ್ಸ್ಟನ್ ಒಂದೇ ಬಿಸಿ ಮನೆ ಸಾಕು ಅನ್ನೋದನ್ನು ಬಿಟ್ಟರು. ಬೇರೆ ಬೇರೆ ಗಿಡಕ್ಕೆ ಬೇರೆ ಬೇರೆ ಶಾಖದ ಮನೆ ಮಾಡಿಸಿದರು, ಗಾಳಿ ಆಡೋಕೆ ಬಿಟ್ಟರು. 1835ರಲ್ಲಿ ಜಾನ್ ಗಿಬ್ಸನ್ ಅನ್ನುವ ಯುವ ತೋಟಗಾರನನ್ನು ಭಾರತಕ್ಕೆ ಕಳಿಸಿದರು. ಅವನು ಖಾಸಿ ಬೆಟ್ಟ ಹತ್ತಿ, ಚಿರಾಪುಂಜಿ ಸುತ್ತಿ, 1837ರಲ್ಲಿ ರಾಶಿ ಆರ್ಕಿಡ್ ಹೊತ್ತುಕೊಂಡು ಹೋದ.

ಅದೇ 1837ರಲ್ಲಿ ಜೇಮ್ಸ್ ಬೇಟ್‌ಮನ್ ಮೆಕ್ಸಿಕೋ ಮತ್ತು ಗ್ವಾಟೆಮಾಲಾದ ಆರ್ಕಿಡ್‌ಗಳ ಬಗ್ಗೆ ಪುಸ್ತಕ ಹೊರತರಲು ಶುರುಮಾಡಿದರು. ಎತ್ತೋಕೆ ಇಬ್ಬರು ಬೇಕಾಗುವಂಥ ಗಾತ್ರ, ಅಚ್ಚಾಗಿದ್ದು 125 ಪ್ರತಿ. ಅದರಲ್ಲಿ ಆರ್ಕಿಡ್ ಬೆಳೆಸುವವರಿಗೆ ಕೊಟ್ಟ ನಿಯಮಗಳಲ್ಲಿ ಒಂದು ನಮಗೆ ಮುಖ್ಯ. ಗಿಡಕ್ಕೆ ವಿಶ್ರಾಂತಿಯ ಕಾಲ ಬೇಕೇ ಬೇಕು. ಅದು ಸಿಗದಿದ್ದರೆ ಬಹುಪಾಲು ಗಿಡ ಚೆನ್ನಾಗಿ ಬೆಳೆಯೋದೇ ಇಲ್ಲ.

ಅಂತೂ ಗಿಡ ಮಲಗುತ್ತೆ, ಏಳುತ್ತೆ ಅಂತ ಒಬ್ಬರು ಬರೆದಿಟ್ಟರು.

6/10

1850. ಜೋಸೆಫ್ ಹೂಕರ್ ಮತ್ತು ಗೆಳೆಯ ಥಾಮಸ್ ಥಾಮ್ಸನ್ ಖಾಸಿ ಬೆಟ್ಟದಲ್ಲಿದ್ದರು. ಹೂಕರ್ ಮುಂದೆ ಲಂಡನ್ನಿನ ಕ್ಯೂ ಉದ್ಯಾನದ ನಿರ್ದೇಶಕರಾದವರು. ಅಲ್ಲಿ ಓಕ್ ಮರಗಳ ಮೇಲೆ ನೀಲಿ ವಾಂಡಾ ಗೊಂಚಲು ಗೊಂಚಲಾಗಿ ಗಾಳಿಗೆ ತೂಗುತ್ತಿತ್ತು. ಆರ್ಕಿಡ್‌ಗಳಲ್ಲಿ ನೀಲಿ ಬಣ್ಣ ಅಪರೂಪ, ಆಗ ಇಂಗ್ಲೆಂಡಿನಲ್ಲಿ ಇದಕ್ಕೆ ಬೆಂಕಿ ಬೆಲೆ. ಹೂಕರ್ 360 ಗೊಂಚಲು ಕುಯ್ಯಿಸಿ ಜಗುಲಿಯ ಮೇಲೆ ರಾಶಿ ಹಾಕಿಸಿದರಂತೆ. ಮೂರು ರಾಶಿ, ಒಂದೊಂದೂ ಒಂದು ಗಜ ಎತ್ತರ.

ಹೂವಿಗಿಂತ ನನಗೆ ಇಷ್ಟ ಆಗಿದ್ದು ಅವರು ಆ ಜಾಗವನ್ನು ನೋಡಿದ ರೀತಿ. ತಮ್ಮ ಹಿಮಾಲಯ ಪ್ರವಾಸದ ಪುಸ್ತಕದಲ್ಲಿ ಅದನ್ನೆಲ್ಲ ದಾಖಲಿಸಿದ್ದಾರೆ. ಮೂರರಿಂದ ನಾಲ್ಕು ಸಾವಿರ ಅಡಿ ಎತ್ತರದ ಒಣ ಹುಲ್ಲಿನ ಗುಡ್ಡ. ಗಂಟುಗಂಟಾದ ಸಣ್ಣ ಮರಗಳು, ಎಲೆ ಕಮ್ಮಿ. ಗಿಡದ ಮೇಲೆ ಬಿಸಿಲು, ಮಳೆ, ಗಾಳಿ ನೇರ ಬೀಳುತ್ತೆ. ಕೊಂಬೆಯ ಮೇಲೆ ಪಾಚಿ ಕೂಡ ಇಲ್ಲ, ಬೇರುಗಳು ಒರಟು ತೊಗಟೆಯ ಮೇಲೆ ಹರಡಿಕೊಂಡಿವೆ. ಮಳೆಗಾಲದಲ್ಲಿ ವಿಪರೀತ ತೇವ. ಹೂವಿನ ಕಾಲದಲ್ಲಿ ಹಗಲು ಗಾಳಿಯೂ ಒಣ, ತೊಗಟೆಯೂ ಒಣ. ತಾಪ ಸುಮಾರು 15ರಿಂದ 27 ಡಿಗ್ರಿ. ಚಳಿಗಾಲದಲ್ಲಿ ನೆಲದ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತೆ.

ಅಂದ್ರೆ ಅಲ್ಲಿ ಸ್ಪಷ್ಟವಾದ ಋತುಚಕ್ರ ಇದೆ. ಚಳಿ, ಸೆಕೆ, ಮಳೆ, ಒಣಹವೆ. ಇಂಗ್ಲೆಂಡಿನವರು ಗಿಡಕ್ಕೆ ಏನನ್ನೆಲ್ಲ ತಪ್ಪಿಸ್ತಾರೋ ಅದನ್ನೆಲ್ಲ ಉಂಡೇ ಈ ಗಿಡ ಚೆನ್ನಾಗಿದೆ ಅನ್ನೋದು ಹೂಕರ್ ಮಾತಿನ ಸಾರ.

7/10

ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡ ಮನುಷ್ಯ ಮುಂದೇನು ಮಾಡಿದರು? ಕ್ಯೂ ಉದ್ಯಾನಕ್ಕೆ ಅಂತ ಏಳು ಆಳುಗಳ ಹೊರೆಯಷ್ಟು ನೀಲಿ ವಾಂಡಾ ಕೀಳಿಸಿದರು. ದಾರಿಯ ಅಪಘಾತ, ಅಡಚಣೆಗಳಲ್ಲಿ ಜೀವಂತ ತಲುಪಿದ್ದು ಕೆಲವೇ. ಅವರ ಜೊತೆ ತನ್ನ ತೋಟಗಾರನನ್ನು ಕಳಿಸಿ ಜಾಗ ತಿಳಿದುಕೊಂಡ ಇನ್ನೊಬ್ಬ ಮಹಾಶಯ ಒಂದೇ ಹೊರೆ ಕಳಿಸಿದ. ಅದೂ ಅರೆಜೀವವಾಗಿ ತಲುಪಿತು. ಆದರೂ 300 ಪೌಂಡಿಗೆ ಮಾರಾಟವಾಯ್ತು.

ಇಲ್ಲೊಂದು ವಿಷಯ ಗಮನಿಸಿ. ಕಾಡಿನಲ್ಲಿ ಆರ್ಕಿಡ್ ಸುಲಭಕ್ಕೆ ಕಣ್ಣಿಗೆ ಬೀಳೋದು ಹೂಬಿಟ್ಟಾಗ. ಉಳಿದ ಕಾಲದಲ್ಲಿ ಯಾವುದು ಯಾವುದು ಅಂತ ಗುರುತಿಸೋದೇ ಕಷ್ಟ. ಹಾಗಾಗಿ ಮನುಷ್ಯನಿಗೆ ಆಸೆ ಹುಟ್ಟುವ ಹೊತ್ತು, ಗಿಡ ತನ್ನ ಬುತ್ತಿಯನ್ನೆಲ್ಲ ಹೂವಿಗೆ ಸುರಿದಿರುವ ಹೊತ್ತು, ಎರಡೂ ಒಂದೇ.

ಸತ್ತಷ್ಟೂ ಮತ್ತೆ ತರಿಸಿದರು. ಆಲ್ಬರ್ಟ್ ಮಿಲಿಕನ್ ಅನ್ನುವ ಆರ್ಕಿಡ್ ಬೇಟೆಗಾರ 1891ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕೊಲಂಬಿಯಾದ ಕೆಲಸದ ಲೆಕ್ಕ ಕೊಟ್ಟಿದ್ದಾನೆ. ಎರಡು ತಿಂಗಳಲ್ಲಿ ಸುಮಾರು ಹತ್ತು ಸಾವಿರ ಗಿಡ. ಅದಕ್ಕೋಸ್ಕರ ಕಡಿದ ಮರ ಸುಮಾರು ನಾಲ್ಕು ಸಾವಿರ. ಗಿಡ ಮೇಲಿದೆ, ಹತ್ತೋಕೆ ಕಷ್ಟ, ಮರವನ್ನೇ ಉರುಳಿಸು. ಅಷ್ಟೇ ಲೆಕ್ಕ.

ಸಾಕೋಕೆ ಗೊತ್ತಿದ್ದರೆ ಇಷ್ಟು ಮರ ಉರುಳಬೇಕಾಗಿತ್ತಾ?

8/10

ಹಾಗಾದ್ರೆ ಗಿಡದ ಕಾಲ ಎಲ್ಲಿ ಬರೆದಿರುತ್ತೆ? ಕ್ಯಾಲೆಂಡರಿನಲ್ಲಂತೂ ಅಲ್ಲ. ಕ್ಯಾಟ್ಲಿಯಾ ಲೇಬಿಯಾಟವನ್ನೇ ನೋಡಿ. ತವರಾದ ಬ್ರೆಜಿಲ್‌ನಲ್ಲಿ ಅದು ಹೂ ಬಿಡೋದು ಫೆಬ್ರವರಿಯಿಂದ ಏಪ್ರಿಲ್ ಆಸುಪಾಸು. ಇಂಗ್ಲೆಂಡಿಗೆ ಹೋದ ಮೇಲೆ ಅಕ್ಟೋಬರ್, ನವೆಂಬರ್. ಭೂಮಿಯ ಆ ಕಡೆ ಬೇಸಿಗೆ ಮುಗಿಯುವಾಗ ಈ ಕಡೆ ಚಳಿಗಾಲ ಮುಗಿಯುತ್ತಿರುತ್ತೆ. ಗಿಡ ತಿಂಗಳ ಹೆಸರು ಓದಲ್ಲ, ಹಗಲಿನ ಉದ್ದ ಓದುತ್ತೆ. ಎಲ್ಲಿಟ್ಟರೂ ಹಗಲು ಚಿಕ್ಕದಾಗುವ ಕಾಲಕ್ಕೇ ಹೂ.

ಆದರೆ ನೆಡೋ ಹೊತ್ತನ್ನು ಹೇಳೋದು ಹೂವಲ್ಲ, ಬೇರು. ಗಿಡ ಏಳುವಾಗ ಹೊಸ ಬೇರು ಹೊರಡುತ್ತೆ. ತುದಿಯಲ್ಲಿ ಹಸಿರು ಅಥವಾ ಕೆಂಪು ಮಿಶ್ರಿತ ಹಸಿರು ಮೊನೆ ಹೊಳೆಯುತ್ತಿರುತ್ತೆ. ಆ ಮೊನೆ ತಗುಲಿದ ಕಡೆ, ಮರವಾಗಲಿ ಇದ್ದಿಲಾಗಲಿ, ಗಟ್ಟಿಯಾಗಿ ಅಂಟಿಕೊಳ್ಳುತ್ತೆ. ಮೊನೆ ಮುರಿದರೆ ಆ ಬೇರು ಮುಂದಕ್ಕೆ ಹೋಗಲ್ಲ, ಹೆಚ್ಚೆಂದರೆ ಪಕ್ಕದಿಂದ ಕವಲೊಡೆಯುತ್ತೆ. ಬೇರು ನಿದ್ದೆಯಲ್ಲಿದ್ದಾಗ ಮೊನೆ ಬಿಳಿಯಾಗಿ ಮುಚ್ಚಿಕೊಂಡಿರುತ್ತೆ.

ನಿದ್ದೆಯಲ್ಲಿದ್ದಾಗ ಕಿತ್ತು ನೆಟ್ಟರೆ ಹಳೆ ಬೇರು ಗಾಯ ಆಗುತ್ತೆ, ಹೊಸದು ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಷ್ಟರಲ್ಲಿ ನೀವು ನೀರು ಹಾಕ್ತಾನೇ ಇರ್ತೀರಿ. ಕೊಳೆಯೋದು ಆಗಲೇ. ಹೊಸ ಬೇರು ಕಣ್ಣುಬಿಟ್ಟ ಹೊತ್ತಿಗೆ ನೆಟ್ಟರೆ ಕೆಲವೇ ವಾರಗಳಲ್ಲಿ ಹಿಡಿದುಕೊಳ್ಳುತ್ತೆ.

9/10

ಇಷ್ಟೆಲ್ಲ ಇದ್ದರೂ ನಮಗೆ ಆರ್ಕಿಡ್ ವರ್ಷವಿಡೀ ಹೂಬಿಡೋ ಗಿಡ ಅನ್ನಿಸೋದು ಯಾಕೆ? ಅದಕ್ಕೂ ಇತಿಹಾಸ ಇದೆ.

ಆರ್ಕಿಡ್ ಬೀಜ ಧೂಳಿನಂಥದ್ದು, ಒಳಗೆ ಬುತ್ತಿಯೇ ಇರಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಉಣಿಸಬೇಕು. 1899ರಲ್ಲಿ ಇದರ ಗುಟ್ಟು ಹಿಡಿದವರು ಫ್ರಾನ್ಸಿನ ನೋಯೆಲ್ ಬರ್ನಾರ್. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವೇ ಬೇಡ, ಗಾಜಿನ ಬಾಟಲಿಯಲ್ಲಿ ಸಕ್ಕರೆ ಸೇರಿಸಿದ ಅಗರ್ ಮೇಲೆ ಬೀಜ ಮೊಳೆಸಬಹುದು ಅಂತ ತೋರಿಸಿದರು. ಸಿಂಗಪುರದ ಸಸ್ಯೋದ್ಯಾನದಲ್ಲಿ ಎರಿಕ್ ಹೋಲ್ಟಮ್ ಇದೇ ವಿಧಾನ ಹಿಡಿದು ಅಲ್ಲಿನ ಹವೆಗೆ ಹೊಂದುವ, ಮತ್ತೆ ಮತ್ತೆ ಹೂಬಿಡುವ ತಳಿಗಳನ್ನು ಬೆಳೆಸಿದರು. ಕಾಡಿನ ಮೇಲಿನ ಭಾರ ಇಳಿಯುವ ದಾರಿ ತೆರೆದಿದ್ದು ಆ ಬಾಟಲಿಗಳಿಂದ. 1975ರಿಂದ ಅಂತಾರಾಷ್ಟ್ರೀಯ ಒಪ್ಪಂದವೂ ಆರ್ಕಿಡ್ ವ್ಯಾಪಾರಕ್ಕೆ ಕಡಿವಾಣ ಹಾಕಿದೆ.

ನರ್ಸರಿಯಲ್ಲಿ ಸಿಗುವ ಫಲೆನಾಪ್ಸಿಸ್‌ಗೆ ಕೆಲವು ವಾರ ತಂಪು ಕೊಟ್ಟು, ಹಗಲು 25 ಡಿಗ್ರಿ ಆಸುಪಾಸಿನಲ್ಲಿಟ್ಟು, ಬೇಕಾದ ತಿಂಗಳಿಗೆ ಹೂದಂಡ ತರಿಸ್ತಾರೆ. ಹಾಗಾಗಿ ಜನವರಿಯಲ್ಲಿ ನಿಮ್ಮ ಕೈಗೆ ಬಂದ ಗಿಡದ ಹೂ ಅದರ ಕಾಲವನ್ನು ಹೇಳ್ತಿಲ್ಲ. ಮಾರಾಟದ ಕಾಲವನ್ನು ಹೇಳ್ತಿದೆ.

10/10

ಈಗ ನಮ್ಮ ಊರಿಗೆ ಬರೋಣ. ನಮ್ಮ ಹಿರಿಯರು ಬಿತ್ತನೆಗೆ ತಾರೀಖು ನೋಡಲಿಲ್ಲ, ಮಳೆ ನಕ್ಷತ್ರ ನೋಡಿದರು. ರೋಹಿಣಿ, ಮೃಗಶಿರಾ, ಆರಿದ್ರಾ. ಆರ್ಕಿಡ್‌ಗೂ ಅದೇ ಕಣ್ಣು ಸಾಕು.

ಹೂ ಇರುವಾಗ ಕುಂಡ ಬದಲಾಯಿಸಬೇಡಿ. ಹೂ ಮುಗಿಯಲಿ. ಬುಡ ಪೂರ್ತಿ ಕೊಳೆತು ನಾರುತ್ತಿದ್ದರೆ ಮಾತ್ರ ಕಾಯದೆ ಬಿಡಿಸಿ.

ಫಲೆನಾಪ್ಸಿಸ್, ವಾಂಡಾ ಆದರೆ ಬೇರಿನ ತುದಿ ಹಸಿರಾಗಿದೆಯಾ ನೋಡಿ. ಡೆಂಡ್ರೋಬಿಯಂ, ಕ್ಯಾಟ್ಲಿಯಾ ಆದರೆ ಹೊಸ ಚಿಗುರಿನ ಬುಡದಲ್ಲಿ ಬೇರಿನ ಗುಬಟೆ ಮೂಡಿದೆಯಾ ನೋಡಿ. ಬೇರು ಉದ್ದ ಆಗುವ ಮುಂಚೆ, ಉಗುರಿನಷ್ಟಿರುವಾಗಲೇ ನೆಡಿ. ಬೆಂಗಳೂರು ಕಡೆ ಬಹಳಷ್ಟು ಗಿಡಕ್ಕೆ ಈ ಹೊತ್ತು ಸಿಗೋದು ಮಾರ್ಚ್‌ನಿಂದ ಜೂನ್ ಒಳಗೆ.

ನೆಟ್ಟ ಮೇಲೆ ಗಿಡ ಅಲ್ಲಾಡದ ಹಾಗೆ ಕಟ್ಟಿ. ಅಲ್ಲಾಡಿದರೆ ಹೊಸ ಮೊನೆ ಉಜ್ಜಿ ಮುರಿಯುತ್ತೆ. ಕೆಲವು ದಿನ ನೆರಳು, ಕಮ್ಮಿ ನೀರು.

ಮಲೆನಾಡಿನವರಿಗೆ ಇನ್ನೊಂದು ಮಾತು. ಸೀತಾಳೆ ದಂಡೆ ಗೊತ್ತಲ್ಲ, ನರಿಬಾಲದ ಹಾಗೆ ಇಳಿಬೀಳುವ ಗುಲಾಬಿ ಚುಕ್ಕಿಯ ಹೂ. ಅಸ್ಸಾಮಿನಲ್ಲಿ ಇದೇ ಹೂ ಕೊಪೌ, ಏಪ್ರಿಲ್‌ನ ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳ ಮುಡಿಗೆ. ನಮ್ಮಲ್ಲಿ ಮೇ, ಜೂನ್. ಅದು ಹೂಬಿಟ್ಟಾಗ ಕಾಡಿನಿಂದ ಕಿತ್ತು ತರಬೇಡಿ. ಕಾನೂನೂ ಒಪ್ಪಲ್ಲ, ಗಿಡವೂ ಉಳಿಯಲ್ಲ. ನಿಮ್ಮದೇ ತೋಟದಲ್ಲಿ ಗಾಳಿಗೆ ಕೊಂಬೆ ಮುರಿದು ಬಿದ್ದಿದ್ದರೆ, ಗಿಡವನ್ನು ಕೊಂಬೆಯಿಂದ ಬಿಡಿಸಬೇಡಿ. ಕೊಂಬೆಯ ತುಂಡಿನ ಸಮೇತ ಇನ್ನೊಂದು ಮರಕ್ಕೆ ಬಿಗಿಯಾಗಿ ಕಟ್ಟಿ. ಮಳೆಗಾಲದಲ್ಲಿ ಹೊಸ ಬೇರು ಬಿಟ್ಟು ಅದೇ ಆ ಮರವನ್ನು ಹಿಡಿದುಕೊಳ್ಳುತ್ತೆ.

ಜನವರಿಯಲ್ಲಿ ತಂದ ಗಿಡ? ಆ ಪುಟ್ಟ ಪ್ಲಾಸ್ಟಿಕ್ ಕುಂಡದಲ್ಲೇ ಇರಲಿ. ಹೂ ನೋಡಿ ಖುಷಿಪಡಿ. ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಕುಂಡ ಎತ್ತಿ, ಬೆಳಕಿಗೆ ಹಿಡಿದು, ಬೇರಿನ ತುದಿ ನೋಡಿ. ಹಸಿರು ಕಂಡ ದಿನ ಹೊಸ ಕುಂಡ ತನ್ನಿ.

ಆರ್ಕಿಡ್ ಸಾಕೋ ಗೆಳೆಯರಿಗೆ ಇದನ್ನು ಕಳಿಸಿ, ಜನವರಿಗೆ ಮುಂಚೆ.

#ಆರ್ಕಿಡ್ #ಸೀತಾಳೆದಂಡೆ #ಗಿಡಗಳಇತಿಹಾಸ #ಲಾಲ್‌ಬಾಗ್